ಆಟದ ಪೆಟ್ಟಿಗೆಯೊಳಗಿನ ಕನ್ನಡ

ಓದುಗರ ಪ್ರಶ್ನೆ – ಉತ್ತರ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಮನೆಯ ಚಾವಡಿಯಲ್ಲೇ ಕುಳಿತು ಕನ್ನಡದಲ್ಲಿ ಮಣೆಯಾಟ, ಎಲೆಯಾಟ (ಇಸ್ಪೀಟಿನಂಥ ಆಟ) ಮತ್ತು ಪಾತ್ರಾಭಿನಯದ ಆಟಗಳನ್ನು ರೂಪಿಸಿ, ಅಚ್ಚು ಹಾಕಿಸಿ, ಮಾರುವ ನಮ್ಮ ಸಣ್ಣ ಪ್ರಕಾಶನದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಗಡಿನಾಡಿನ ಅನೇಕರು ಪತ್ರ ಬರೆದಿದ್ದಾರೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಪಾತ್ರಾಭಿನಯದ ಆಟ ಎಂದರೆ ಏನೆಂದು ಲೇಖನದಿಂದ ನನಗೆ ಪೂರ್ತಿ ಸ್ಪಷ್ಟವಾಗಲಿಲ್ಲ. ನನ್ನ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಅವರಿಗೂ ಅರ್ಥವಾಗುವಂತೆ ವಿವರಿಸಬಲ್ಲಿರಾ?
— ಕಾಲೇಜು ವಿದ್ಯಾರ್ಥಿನಿ, ಪೆರ್ಲ

ನಿಮ್ಮ ಅಜ್ಜನವರಿಗೆ ಇದನ್ನು ತಿಳಿಸುವುದು ಉಳಿದವರಿಗೆ ತಿಳಿಸುವುದಕ್ಕಿಂತ ಸುಲಭ, ಏಕೆಂದರೆ ಅವರು ಆಯುಷ್ಯವಿಡೀ ಇದಕ್ಕೆ ತೀರ ಹತ್ತಿರದ ಕೆಲಸವನ್ನೇ ಮಾಡಿಕೊಂಡು ಬಂದಿದ್ದಾರೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಂದಲೇ ಒಬ್ಬರು ರಾಮನಾಗಿ, ಒಬ್ಬರು ವಾಲಿಯಾಗಿ, ಬರೆದಿಟ್ಟ ಮಾತಿಲ್ಲದೆ ಆ ಕ್ಷಣಕ್ಕೆ ಹೊಳೆದ ಮಾತಿನಿಂದ ಪಾತ್ರವನ್ನು ಕಟ್ಟುತ್ತಾರೆ. ಪಾತ್ರಾಭಿನಯದ ಆಟದಲ್ಲಿಯೂ ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬರು ನಿರೂಪಕರಾಗಿ ಭಾಗವತರ ಜಾಗದಲ್ಲಿರುತ್ತಾರೆ. 'ಸಂಜೆಯಾಗಿದೆ, ಹೊಳೆ ಉಕ್ಕಿದೆ, ಕಡವಿನ ದೋಣಿ ಆಚೆ ದಡದಲ್ಲಿದೆ, ಏನು ಮಾಡುತ್ತೀರಿ?' ಎಂದು ಅವರು ಕೇಳುತ್ತಾರೆ. ಉಳಿದವರು ತಮ್ಮ ತಮ್ಮ ಪಾತ್ರದ ಬಾಯಿಂದ ಉತ್ತರಿಸುತ್ತಾರೆ. ಒಬ್ಬ ಈಜುತ್ತೇನೆ ಎನ್ನುತ್ತಾನೆ, ಇನ್ನೊಬ್ಬಳು ಅಂಬಿಗನನ್ನು ಕೂಗಿ ಕರೆಯುತ್ತೇನೆ ಎನ್ನುತ್ತಾಳೆ. ಈಜಿದವನು ದಡ ಸೇರಿದನೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ಮಾತ್ರ ದಾಳ ಎಸೆಯುತ್ತಾರೆ, ಆ ಪಾತ್ರದ ಹಾಳೆಯಲ್ಲಿ ಬರೆದುಕೊಂಡಿರುವ ಈಜಿನ ಬಲವನ್ನು ದಾಳದ ಅಂಕಕ್ಕೆ ಕೂಡಿಸಿ ಫಲ ನಿರ್ಧರಿಸುತ್ತಾರೆ.

ವ್ಯತ್ಯಾಸ ಇರುವುದು ಕೊನೆಯಲ್ಲಿ. ವಾಲಿಯ ಅರ್ಥ ಹೇಳುವವರು ಎಷ್ಟೇ ಸಮರ್ಥರಿರಲಿ, ರಾಮನನ್ನು ಎಷ್ಟೇ ನಿರುತ್ತರಗೊಳಿಸಲಿ, ಪ್ರಸಂಗದ ಕೊನೆಗೆ ವಾಲಿ ಸಾಯಲೇಬೇಕು. ಪಾತ್ರಾಭಿನಯದ ಆಟದಲ್ಲಿ ಕೊನೆಯನ್ನು ಯಾರೂ ಬರೆದಿಟ್ಟಿರುವುದಿಲ್ಲ, ನಿರೂಪಕರಿಗೂ ಅದು ಗೊತ್ತಿರುವುದಿಲ್ಲ. ನಿಮ್ಮ ಅಜ್ಜನವರು ಈ ಒಂದು ಮಾತಿಗೆ ಒಪ್ಪದಿರಬಹುದು, ಆಡಿ ನೋಡಿದ ಮೇಲೆ ಒಪ್ಪಲೂಬಹುದು.

ಈ ಬಗೆಯ ಆಟ ಮೊದಲು ಮಾರಾಟಕ್ಕೆ ಬಂದದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅದರ ಹೆಸರು. ಮೊದಲ ಮುದ್ರಣ 1000 ಪ್ರತಿ. ಒಂದು ಪೆಟ್ಟಿಗೆ, ಅದರೊಳಗೆ ಮೂರು ತೆಳು ಪುಸ್ತಿಕೆಗಳು. ಅವನ್ನು ಅವರು ಮನೆಯಲ್ಲೇ ಕೈಯಿಂದ ಜೋಡಿಸಿ ಕಳುಹಿಸುತ್ತಿದ್ದರು. ದೊಡ್ಡ ಬಂಡವಾಳವಿಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು ಎಂದು ಹೇಳುವವರಿಗೆ ನಾನು ಯಾವಾಗಲೂ ಈ ಪೆಟ್ಟಿಗೆಯ ಕಥೆಯನ್ನೇ ಹೇಳುತ್ತೇನೆ.

ಇಂಥ ಆಟಗಳಲ್ಲಿ 4, 6, 8, 10, 12 ಮತ್ತು 20 ಮುಖಗಳ ದಾಳಗಳನ್ನು ಬಳಸುತ್ತಾರೆ. ನಮ್ಮ ಊರಿನ ಅಂಗಡಿಗಳಲ್ಲಿ ಅವು ಸಿಗುವುದಿಲ್ಲ, ತರಿಸಿದರೆ ಪೆಟ್ಟಿಗೆಯ ಬೆಲೆ ಏರುತ್ತದೆ. ಆದ್ದರಿಂದ ನಾವು ಚೌಕಾಬಾರದ ನಾಲ್ಕು ಕವಡೆಗಳನ್ನೇ ಬಳಸಿದೆವು. ಇದು ಹಳತಿನ ಮೋಹದಿಂದ ಮಾಡಿದ ಆಯ್ಕೆಯಲ್ಲ, ಲೆಕ್ಕ ನೋಡಿ ಮಾಡಿದ್ದು. ನಾಲ್ಕು ಕವಡೆಗಳು ಬೀಳುವ ಬಗೆ ಒಟ್ಟು 16. ಅವುಗಳಲ್ಲಿ ಎರಡು ಕವಡೆ ಬಾಯಿ ಮೇಲಾಗಿ ಬೀಳುವುದು 6 ಬಗೆಯಲ್ಲಿ, ಒಂದು ಅಥವಾ ಮೂರು ಬೀಳುವುದು ತಲಾ 4 ಬಗೆಯಲ್ಲಿ, ನಾಲ್ಕೂ ಮೇಲಾಗಿ ಅಥವಾ ನಾಲ್ಕೂ ಕವುಚಿ ಬೀಳುವುದು ತಲಾ ಒಂದೇ ಬಗೆಯಲ್ಲಿ. ಹಾಗಾಗಿ ಸಾಧಾರಣ ಫಲ ಮೇಲಿಂದ ಮೇಲೆ ಬರುತ್ತದೆ, ಅಪೂರ್ವ ಫಲ ಅಪೂರ್ವವಾಗಿಯೇ ಉಳಿಯುತ್ತದೆ, ಮತ್ತು ನಾಲ್ಕೂ ಕವುಚಿ ಬಿದ್ದಾಗ ಎಂಟೆಂದು ಎಣಿಸುವ ನಮ್ಮ ಹಿರಿಯರ ಪದ್ಧತಿಗೆ ಕಥೆಯಲ್ಲಿ ಒಂದು ಪವಾಡದ ಜಾಗ ತಾನಾಗಿ ಒದಗುತ್ತದೆ. ನಿಜವಾದ ಕವಡೆಗಳು ಈ ಲೆಕ್ಕಕ್ಕೆ ಸರಿಯಾಗಿ ಬೀಳುವುದಿಲ್ಲ, ಏಕೆಂದರೆ ಒಂದೊಂದರ ಬೆನ್ನು ಒಂದೊಂದು ಬಗೆಯಲ್ಲಿ ಉಬ್ಬಿರುತ್ತದೆ. ಅದು ತೊಂದರೆ ಎನಿಸಿದವರು ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಳ್ಳಬಹುದು.

ಪ್ರಶ್ನೆ: ಕಾಸರಗೋಡು ಜಿಲ್ಲೆಯ 12 ಹೊಳೆಗಳ ಮೇಲೆ ಒಂದು ಎಲೆಯಾಟವನ್ನು ಮಾಡಿ ನನ್ನ ಶಾಲೆಯ ಮಕ್ಕಳಿಂದ ಆಡಿಸಿದ್ದೇನೆ. ನಾನು ಜೊತೆಗಿದ್ದರೆ ಆಟ ಚೆನ್ನಾಗಿ ನಡೆಯುತ್ತದೆ. ನಾನಿಲ್ಲದಾಗ, ನಿಯಮಗಳನ್ನು ಎರಡು ಪುಟ ಬರೆದು ಕೊಟ್ಟಿದ್ದರೂ, ಜಗಳದಲ್ಲಿ ನಿಲ್ಲುತ್ತದೆ. ಎಲ್ಲಿ ತಪ್ಪಿದ್ದೇನೆ?
— ಶಿಕ್ಷಕರು, ನೀರ್ಚಾಲು

ನೀವು ಕಳುಹಿಸಿದ ಎರಡು ಪುಟಗಳನ್ನು ಮೂರು ಸಲ ಓದಿದೆ. ಆಟ ಚೆನ್ನಾಗಿದೆ. ಕೇರಳದ ಅತಿ ಚಿಕ್ಕ ಹೊಳೆಯಾದ ಮಂಜೇಶ್ವರ ಹೊಳೆಯ ಎಲೆಗೆ ಕಡಿಮೆ ಅಂಕ ಕೊಟ್ಟು, ಅದೇ ಎಲೆಗೆ ಎಲ್ಲರಿಗಿಂತ ಮೊದಲು ಸಮುದ್ರ ಸೇರುವ ಅನುಕೂಲ ಕೊಟ್ಟಿರುವುದು ನನಗೆ ಬಹಳ ಹಿಡಿಸಿತು. ತಪ್ಪು ಇರುವುದು ನಿಯಮದ ಕನ್ನಡದಲ್ಲಿ, ಮತ್ತು ಇದು ಆಟ ರೂಪಿಸುವ ಎಲ್ಲರಿಗೂ ಆಗುವ ತಪ್ಪಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಕಥೆ ಬರೆಯುವಾಗ ಒಂದೇ ಪದ ಮತ್ತೆ ಮತ್ತೆ ಬಂದರೆ ಬೇಸರವೆಂದು ನಾವು ಪದ ಬದಲಾಯಿಸುತ್ತೇವೆ. ನಿಯಮದಲ್ಲಿ ಆ ಅಭ್ಯಾಸ ಅಪಾಯ. ನೀವು ಮೊದಲ ಪುಟದಲ್ಲಿ 'ಎಲೆ' ಎಂದು ಬರೆದಿದ್ದೀರಿ, ಕೆಳಗೆ ಅದನ್ನೇ 'ಚೀಟಿ' ಎಂದಿದ್ದೀರಿ, ಎರಡನೆಯ ಪುಟದಲ್ಲಿ 'ಕಾರ್ಡು' ಬಂದಿದೆ. ಹತ್ತು ವರ್ಷದ ಮಗು ಇವನ್ನು ಮೂರು ಬೇರೆ ವಸ್ತುಗಳೆಂದು ತಿಳಿದು ಪೆಟ್ಟಿಗೆಯಲ್ಲಿ ಚೀಟಿ ಎಲ್ಲಿದೆ ಎಂದು ಹುಡುಕುತ್ತದೆ. ನಮ್ಮ ಮನೆಗಳಲ್ಲಿ ಇಸ್ಪೀಟು ಆಡುವವರು ಬಳಸುವ ಮಾತುಗಳೇ ಸಾಕು: ಎಲೆ, ಕಟ್ಟು, ಕಲಸುವುದು, ಹಂಚುವುದು, ಇಳಿಸುವುದು, ತುರುಫು. ಈ ಮಾತುಗಳಿಗೆ ಅಜ್ಜಂದಿರ ಕಾಲದಿಂದ ಒಂದೊಂದೇ ಅರ್ಥ ನಿಂತಿದೆ. ಹೊಸ ಸಂಸ್ಕೃತ ಪದ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ.

ಎರಡನೆಯದು 'ಬಹುದು' ಎಂಬ ಪದ. ಇದರ ವಿಷಯದಲ್ಲಿ ನಾನೇ ಪಾಠ ಕಲಿತಿದ್ದೇನೆ. ನಮ್ಮ ಮೊದಲ ಆಟ ಚೆನ್ನೆಮಣೆಯಿಂದ ಹುಟ್ಟಿದ್ದು. ಎರಡು ಸಾಲುಗಳಲ್ಲಿ ತಲಾ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಅಷ್ಟನ್ನು ಇದ್ದಂತೆಯೇ ಇಟ್ಟುಕೊಂಡು ಅದರ ಮೇಲೆ ಅಡಿಕೆ ವ್ಯಾಪಾರದ ಒಂದು ಕಥೆಯನ್ನು ಹೊಂದಿಸಿದ್ದೆವು. ಆಟಿ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಮಳೆ ಬಿಡದೆ ಹೊಡೆಯುತ್ತಿದ್ದಾಗ, ಸಂಬಂಧಿಕರ ಮನೆಯ ಜಗಲಿಯಲ್ಲಿ ಅಜ್ಜಿ ಮತ್ತು ಮೊಮ್ಮಗಳ ನಡುವೆ ಮಣೆಯಿಟ್ಟು, ನಿಯಮದ ಹಾಳೆಯನ್ನು ಪಕ್ಕದಲ್ಲಿಟ್ಟು, ನಾನು ದೂರ ಕುಳಿತೆ. 'ಕೊನೆಯ ಕಾಯಿ ಬಿದ್ದ ಗುಳಿಯ ಮುಂದಿನ ಗುಳಿ ಖಾಲಿಯಾಗಿದ್ದರೆ, ಅದರಾಚೆಯ ಗುಳಿಯ ಕಾಯಿಗಳನ್ನು ತೆಗೆದುಕೊಳ್ಳಬಹುದು' ಎಂದು ಬರೆದಿತ್ತು. ಮೊಮ್ಮಗಳು ತೆಗೆದುಕೊಳ್ಳಲೇಬೇಕು ಎಂದಳು. ತೆಗೆದುಕೊಂಡರೆ ಮುಂದಿನ ಸುತ್ತಿನಲ್ಲಿ ತನಗೆ ನಷ್ಟವೆಂದು ಅಜ್ಜಿ ಆಗಲೇ ಕಂಡುಕೊಂಡಿದ್ದರು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, 'ತೆಗವಲಕ್ಕು ಹೇಳಿರೆ ತೆಗೆಯದ್ದೆ ಕೂದರೂ ಅಕ್ಕನ್ನೆ?' (ತೆಗೆಯಬಹುದು ಎಂದರೆ ತೆಗೆಯದೆ ಕುಳಿತರೂ ಆದೀತಲ್ಲವೇ?) ಎಂದು ಕೇಳಿದರು. ಅವರ ಮಾತು ಸರಿಯಾಗಿತ್ತು. ನಾನು ಬರೆದದ್ದಕ್ಕೆ ಅವರು ಹೇಳಿದ ಅರ್ಥವೇ ಬರುತ್ತದೆ, ನನ್ನ ಮನಸ್ಸಿನಲ್ಲಿ ಇದ್ದದ್ದು ಮೊಮ್ಮಗಳು ಹೇಳಿದ ಅರ್ಥ. ಅಂದಿನಿಂದ ನಮ್ಮ ಪುಸ್ತಿಕೆಗಳಲ್ಲಿ ಆಯ್ಕೆಯಿದ್ದಲ್ಲಿ 'ಬೇಕಿದ್ದರೆ ತೆಗೆದುಕೊಳ್ಳಿ, ಬೇಡವಾದರೆ ಬಿಡಿ' ಎಂದೂ, ಆಯ್ಕೆಯಿಲ್ಲದಲ್ಲಿ 'ತೆಗೆದುಕೊಳ್ಳಲೇಬೇಕು' ಎಂದೂ ಬರೆಯುತ್ತೇವೆ. 'ಬಹುದು' ಎಂಬ ರೂಪವನ್ನು ನಿಯಮದ ಸಾಲಿನಿಂದ ಪೂರ್ತಿಯಾಗಿ ತೆಗೆದುಹಾಕಿದ್ದೇವೆ.

ಮೂರನೆಯದಾಗಿ, 'ಮುಂದಿನವರು' ಯಾರು ಎಂಬುದನ್ನು ನೀವು ಬರೆದಿಲ್ಲ. ಎಲೆಯನ್ನು ಬಲಕ್ಕೆ ಹಂಚುವ ಮನೆಗಳೂ ಇವೆ, ಎಡಕ್ಕೆ ಹಂಚುವ ಮನೆಗಳೂ ಇವೆ. 'ನಿಮ್ಮ ಬಲಗೈ ಬದಿಯಲ್ಲಿ ಕುಳಿತವರು' ಎಂದು ಒಮ್ಮೆ ಬರೆದರೆ ಜಗಳ ಮುಗಿಯಿತು. ಹಾಗೆಯೇ ಇಬ್ಬರ ಅಂಕ ಸಮವಾದರೆ ಗೆದ್ದವರು ಯಾರು, ಕಟ್ಟಿನ ಎಲೆ ಮುಗಿದರೆ ಮಾಡಬೇಕಾದ್ದೇನು, ಮೂವರೇ ಇದ್ದರೆ ಎಷ್ಟು ಎಲೆ ತೆಗೆದಿಡಬೇಕು ಎಂಬ ಮೂರು ಸಂಗತಿಗಳು ನಿಮ್ಮ ಹಾಳೆಯಲ್ಲಿಲ್ಲ. ನೀವು ಜೊತೆಗಿದ್ದಾಗ ಇವಕ್ಕೆ ಬಾಯಿಮಾತಿನಲ್ಲೇ ಉತ್ತರ ಕೊಡುತ್ತೀರಿ, ಆದ್ದರಿಂದ ಅವು ಬಿಟ್ಟುಹೋಗಿರುವುದು ನಿಮ್ಮ ಗಮನಕ್ಕೆ ಬಂದಿಲ್ಲ.

ಇದನ್ನು ಸರಿಪಡಿಸುವುದಕ್ಕೆ ನನಗೆ ತಿಳಿದಿರುವ ದಾರಿ ಒಂದೇ. ಆಟವನ್ನು ಒಮ್ಮೆಯೂ ನೋಡಿರದ ನಾಲ್ವರ ಕೈಗೆ ಪೆಟ್ಟಿಗೆ ಕೊಟ್ಟು, ನೀವು ಅದೇ ಕೋಣೆಯ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕುಳಿತು, ಏನೇ ಆದರೂ ಬಾಯಿ ಬಿಡದಿರಬೇಕು. ಅವರು ತಪ್ಪಾಗಿ ಆಡಿದರೂ ತಿದ್ದಬಾರದು. ಎಲ್ಲಿ ನಿಂತರು, ಯಾವ ಸಾಲನ್ನು ಎರಡನೆಯ ಸಲ ಓದಿದರು, ಯಾವ ಎಲೆಯನ್ನು ಯಾರೂ ಇಳಿಸಲಿಲ್ಲ ಎಂದು ಬರೆದುಕೊಳ್ಳುತ್ತ ಹೋಗಿ. ಪ್ರತಿ ಸಲವೂ ಬೇರೆ ನಾಲ್ವರು ಬೇಕು, ಒಮ್ಮೆ ಆಡಿದವರು ನಿಯಮ ಓದುವುದನ್ನು ನಿಲ್ಲಿಸಿರುತ್ತಾರೆ. ನಮ್ಮ ಅಡಿಕೆಯ ಆಟದ ನಿಯಮವನ್ನು ಹೀಗೆ 11 ಸಲ ತಿದ್ದಿದೆವು. ಪ್ರಕಾಶಕನೊಬ್ಬ ಮಾರುವುದು ಮಣೆಯನ್ನೋ ಕಾಯಿಯನ್ನೋ ಎಂದು ಜನ ತಿಳಿಯುತ್ತಾರೆ. ಮಣೆಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳಬಹುದು, ಕಾಯಿಗೆ ಮಂಜೊಟ್ಟಿ ಬೀಜ ಸಾಕು. ನನ್ನ ಮಟ್ಟಿಗೆ, ಆ ಎರಡು ಪುಟದ ಕನ್ನಡಕ್ಕಾಗಿಯೇ ಕೊಂಡವರು ಹಣ ಕೊಟ್ಟಿದ್ದಾರೆ.

ಪ್ರಶ್ನೆ: ಪಾರ್ತಿಸುಬ್ಬನ ಯಕ್ಷಗಾನ ಪದಗಳನ್ನೂ ಗೋವಿಂದ ಪೈಗಳ ಕವಿತೆಯ ಸಾಲುಗಳನ್ನೂ ಆಟದ ಎಲೆಗಳ ಮೇಲೆ ಅಚ್ಚು ಹಾಕಲು ಯಾರ ಅನುಮತಿ ಬೇಕು? ವಿದೇಶದ ಆಟದ ನಿಯಮವನ್ನು ಕನ್ನಡಕ್ಕೆ ತರಬಹುದೇ?
— ಓದುಗರೊಬ್ಬರು, ಮಂಜೇಶ್ವರ

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ನಿಮ್ಮ ಊರಿನವರೇ ಆದ ರಾಷ್ಟ್ರಕವಿ ಗೋವಿಂದ ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರ್ 6ರಂದು. ಹಾಗಾಗಿ ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಒಂದು ಎಚ್ಚರ ಬೇಕು: ಲೇಖಕರು ತೀರಿಕೊಂಡ ಮೇಲೆ ಮೊದಲ ಬಾರಿಗೆ ಅಚ್ಚಾದ ಬರಹವಿದ್ದರೆ ಅದರ 60 ವರ್ಷಗಳನ್ನು ಪ್ರಕಟಣೆಯ ಮರುವರ್ಷದ ಆರಂಭದಿಂದ ಲೆಕ್ಕ ಹಾಕಬೇಕು. ಕುಂಬಳೆಯ ಹಳೆಯ ಕಾಲದ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳಿಗೆ ಯಾರ ಹಕ್ಕೂ ಇಲ್ಲ, ಆದರೆ ಈಚಿನ ವಿದ್ವಾಂಸರು ಸಂಪಾದಿಸಿದ ಆವೃತ್ತಿಯ ಪೀಠಿಕೆ, ಟಿಪ್ಪಣಿ, ಚಿತ್ರಗಳನ್ನು ಎತ್ತಿಕೊಳ್ಳುವಂತಿಲ್ಲ. ಅನುಮತಿ ಬೇಡದ ಕಡೆಯಲ್ಲಿಯೂ ಕವಿಯ ಹೆಸರನ್ನು ಎಲೆಯ ಮೇಲೆಯೇ ಅಚ್ಚು ಹಾಕಿ.

ಆಟದ ವಿಷಯಕ್ಕೆ ಬಂದರೆ, ಒಂದು ಆಟ ನಡೆಯುವ ಬಗೆಗೆ, ಎಂದರೆ ಸರದಿ, ಹಂಚಿಕೆ, ಅಂಕ ಎಣಿಸುವ ಕ್ರಮ ಇವುಗಳ ಹಿಂದಿನ ಕಲ್ಪನೆಗೆ, ಕೃತಿಸ್ವಾಮ್ಯವಿಲ್ಲ. ಆ ಕಲ್ಪನೆಯನ್ನು ವಿವರಿಸಿದ ಮಾತುಗಳಿಗೆ ಮತ್ತು ಚಿತ್ರಗಳಿಗೆ ಇದೆ. ಕಲ್ಪನೆ ಬೇರೆ, ಅದರ ಅಭಿವ್ಯಕ್ತಿ ಬೇರೆ ಎಂಬುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಆರ್. ಜಿ. ಆನಂದ್ ಅವರ ನಾಟಕದ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ವಿದೇಶಿ ಆಟದ ಪುಸ್ತಿಕೆಯನ್ನು ಸಾಲಿಗೆ ಸಾಲಾಗಿ ಅನುವಾದಿಸಿ ಮಾರುವುದಕ್ಕೆ ಅನುಮತಿ ಬೇಕೇ ಬೇಕು. ಇದಕ್ಕೊಂದು ದೊಡ್ಡ ಹೊರತು ಇದೆ. ಮೇಲೆ ಹೇಳಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಈಗಿನ ಒಡೆಯರು, ತಮ್ಮ ಹಳೆಯ ಮುಕ್ತ ಪರವಾನಗಿಯನ್ನು ಬದಲಿಸಹೊರಟು ಸಣ್ಣ ಪ್ರಕಾಶಕರಿಂದಲೂ ಆಟಗಾರರಿಂದಲೂ ತೀವ್ರ ವಿರೋಧ ಬಂದ ಮೇಲೆ, 2023ರ ಜನವರಿಯಲ್ಲಿ ಆಟದ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು. ಮೂಲವನ್ನು ಹೆಸರಿಸಿದರೆ ಆ ದಾಖಲೆಯನ್ನು ಕನ್ನಡಕ್ಕೆ ತಂದು ಮಾರುವುದಕ್ಕೂ ಅಡ್ಡಿಯಿಲ್ಲ. ಆದರೆ ಆಟದ ಹೆಸರು ನೋಂದಾಯಿತ ಗುರುತು, ಅದನ್ನು ನಿಮ್ಮ ಪೆಟ್ಟಿಗೆಯ ಶೀರ್ಷಿಕೆ ಮಾಡುವಂತಿಲ್ಲ. ಕನ್ನಡದ ಯುವಕರು ಯಾರಾದರೂ ಈ ಕೆಲಸಕ್ಕೆ ಕೂಡಲೇ ತೊಡಗಬೇಕೆಂದು ನನ್ನ ಆಸೆ.

ಪ್ರಶ್ನೆ: ಎಷ್ಟು ಪ್ರತಿ ಅಚ್ಚು ಹಾಕಿಸಬೇಕು, ಬೆಲೆ ಹೇಗೆ ಇಡಬೇಕು, ಯಾವ ಕಾಗದ ಬೇಕು, ತೆರಿಗೆ ಎಷ್ಟು? ಕೈಯಲ್ಲಿ ಸ್ವಲ್ಪ ಉಳಿತಾಯವಿದೆ.
— ಗೃಹಿಣಿ, ಕುಂಬಳೆ

ಮೊದಲ ಸಲಕ್ಕೆ 100 ಪ್ರತಿಗಿಂತ ಹೆಚ್ಚು ಬೇಡ. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟಿನ ಮತ್ತು ಯಂತ್ರ ಸಿದ್ಧಪಡಿಸುವ ಖರ್ಚು 100 ಪ್ರತಿಗೂ ಒಂದೇ, 1000 ಪ್ರತಿಗೂ ಒಂದೇ. ಹಾಗಾಗಿ ಮುದ್ರಣಾಲಯದವರು 1000 ಹಾಕಿಸಿದರೆ ಒಂದರ ಬೆಲೆ ಅರ್ಧವಾಗುತ್ತದೆ ಎನ್ನುತ್ತಾರೆ, ಅದು ಸುಳ್ಳಲ್ಲ. ಆದರೆ ಮಾರಾಟವಾಗದ 800 ಪೆಟ್ಟಿಗೆಗಳು ಮಳೆಗಾಲದಲ್ಲಿ ಅಟ್ಟದ ಮೇಲೆ ಬೂಷ್ಟು ಹಿಡಿದರೆ ಆ ಉಳಿತಾಯ ಯಾವುದಕ್ಕೂ ಬರುವುದಿಲ್ಲ. ಸಣ್ಣ ಸಂಖ್ಯೆಗೆ ಡಿಜಿಟಲ್ ಮುದ್ರಣ ಒಳ್ಳೆಯದು. ಪುಸ್ತಕಗಳಿಗೆ ಮಾಡುವಂತೆ ಪ್ರಕಟಣಪೂರ್ವ ರಿಯಾಯಿತಿ ಬೆಲೆ ಸಾರಿ, ಹಣ ಕೊಟ್ಟವರ ಪಟ್ಟಿ ನೋಡಿಕೊಂಡು ಸಂಖ್ಯೆ ನಿರ್ಧರಿಸುವುದು ಎಲ್ಲಕ್ಕಿಂತ ಕ್ಷೇಮ.

ಎಲೆಯ ಅಳತೆ ಸಾಮಾನ್ಯವಾಗಿ 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ. ಒಂದು ದೊಡ್ಡ ಹಾಳೆಯಲ್ಲಿ 54 ಎಲೆಗಳನ್ನು ಜೋಡಿಸುವುದು ರೂಢಿ, ಆದ್ದರಿಂದ ನಿಮ್ಮ ಆಟಕ್ಕೆ 58 ಎಲೆ ಬೇಕಾಗಿದ್ದರೆ ನಾಲ್ಕನ್ನು ಬಿಡುವ ದಾರಿ ಹುಡುಕಿ. ಕಾಗದ 300 ಜಿ.ಎಸ್.ಎಂ. (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಆಸುಪಾಸಿನದಿರಲಿ, ನಡುವೆ ಕಪ್ಪು ಪದರವಿರುವ ಎಲೆ ಸಿಕ್ಕಿದರೆ ಬೆಳಕಿಗೆ ಹಿಡಿದರೂ ಹಿಂದಿನಿಂದ ಕಾಣುವುದಿಲ್ಲ. ಪಿನ್ ಹೊಡೆದ ಪುಸ್ತಿಕೆಯ ಪುಟಗಳು ನಾಲ್ಕರ ಗುಣಕದಲ್ಲಿರಬೇಕು.

ಕನ್ನಡದ ಅಕ್ಷರದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕು. ಇಂಗ್ಲಿಷ್ ಆಟದ ಎಲೆಯನ್ನು ನೋಡಿ ಅದೇ ಅಳತೆಯ ಸಾಲಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 9 ಪಾಯಿಂಟಿನ ಅಕ್ಷರಕ್ಕೆ ನಾನು 14 ಪಾಯಿಂಟಿನ ಸಾಲಂತರ ಇಡುತ್ತೇನೆ. ಇನ್ನೊಂದು, ಹಲವು ಮುದ್ರಣಾಲಯಗಳಲ್ಲಿ ಇನ್ನೂ ಯೂನಿಕೋಡ್ ಪೂರ್ವದ ಅಕ್ಷರಮಾದರಿಗಳನ್ನೇ ಬಳಸುತ್ತಾರೆ. ನಾವು ಕೊಟ್ಟ ಯೂನಿಕೋಡ್ ಬರಹವನ್ನು ಅವರು ಪರಿವರ್ತಿಸಿಕೊಳ್ಳುವಾಗ ಅಕ್ಷರಗಳು ಬಿದ್ದುಹೋಗುವುದುಂಟು. ನಮ್ಮ ಎರಡನೆಯ ಆಟದಲ್ಲಿ ಹೀಗೆಯೇ ಆಯಿತು. ಕಟ್ಟು ಬಿಚ್ಚಿ ಮೇಲಿನ ಎಲೆ ನೋಡಿದರೆ, 'ಮಾರ್ಗ' ಎಂದಿರಬೇಕಾದಲ್ಲಿ ಅರ್ಕಾವತ್ತು ಹೋಗಿ 'ಮಾಗ' ಎಂದಿತ್ತು. ಅಂಥ ಎಲೆ ಕಟ್ಟಿಗೆ ಆರು, ಕಟ್ಟು 200. ಕರಡಿನ ಪ್ರತಿಯಲ್ಲಿ ಅಕ್ಷರ ಸರಿಯಾಗಿತ್ತು, ನಾನು ಒಪ್ಪಿಗೆ ಹಾಕಿದ ನಂತರ ಅವರು ಅಳತೆ ತಿದ್ದಲೆಂದು ಇನ್ನೊಮ್ಮೆ ಪರಿವರ್ತಿಸಿದ್ದರು. ಖರ್ಚನ್ನು ಅವರು ಭರಿಸಲಿಲ್ಲ. ಮನೆಯವರೆಲ್ಲ ಸೇರಿ ನಾಲ್ಕು ರಾತ್ರಿ ಕುಳಿತು ಅಂಟುಚೀಟಿ ಅಂಟಿಸಿದೆವು. ಈಗ ಬರಹವನ್ನು ಅಕ್ಷರವಾಗಿ ಕೊಡದೆ, ಆಕೃತಿಯಾಗಿ ಮಾರ್ಪಡಿಸಿದ ಪಿಡಿಎಫ್ ಆಗಿ ಕೊಡುತ್ತೇನೆ, ಕೊನೆಯ ಕರಡನ್ನು ಅದೇ ಯಂತ್ರದಿಂದ, ಅದೇ ಕಾಗದದ ಮೇಲೆ ತೆಗೆಸಿ ನೋಡುತ್ತೇನೆ. ಎಲೆ ಮುದ್ರಣಕ್ಕೆ ಶಿವಕಾಶಿಗೆ ಕಳುಹಿಸುವವರಿದ್ದಾರೆ, ಆದರೆ ಅಲ್ಲಿನವರಿಗೆ ಕನ್ನಡ ಓದಲು ಬಾರದು ಎಂಬುದನ್ನು ನೆನಪಿಟ್ಟು ಕರಡು ನೋಡಲು ನೀವೇ ಹೋಗಬೇಕು.

ಬೆಲೆಯ ವಿಷಯದಲ್ಲಿ ಹಲವರು ಪಾಲಿಸುವ ಸೂತ್ರ, ತಯಾರಿಕೆಯ ಖರ್ಚಿನ ನಾಲ್ಕರಿಂದ ಐದು ಪಟ್ಟು. ಉದಾಹರಣೆಗೆ ಪೆಟ್ಟಿಗೆಗೆ 120 ರೂಪಾಯಿ ಬಿದ್ದರೆ ಬೆಲೆ 500 ರೂಪಾಯಿ. ಇದು ದುರಾಸೆಯೆಂದು ತೋರಬಹುದು. ಅಂಗಡಿಯವರ ಪಾಲು, ಅಂಚೆ, ಹಾಳಾದ ಪ್ರತಿ, ಚಿತ್ರ ಬರೆದವರ ಸಂಭಾವನೆ ಕಳೆದರೆ ಉಳಿಯುವುದು ಮುಂದಿನ ಮುದ್ರಣಕ್ಕೆ ಬೇಕಾಗುವಷ್ಟು ಮಾತ್ರ. ಚಿತ್ರಕಾರರಿಗೆ ಮಾತ್ರ ಮೊದಲೇ ಹಣ ಕೊಟ್ಟುಬಿಡಿ, ಮಾರಾಟವಾದ ಮೇಲೆ ಎಂದು ಹೇಳಬೇಡಿ.

ತೆರಿಗೆಯಲ್ಲಿ, ಮಣೆಯಾಟ ಮತ್ತು ಎಲೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಬರೀ ಪುಸ್ತಕದ ರೂಪದಲ್ಲಿ ಬರುವ ಪಾತ್ರಾಭಿನಯದ ಆಟಕ್ಕೆ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯಿಂದ ಶುಲ್ಕವಿಲ್ಲದೆ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಪಡೆಯಬಹುದು. 14 ವರ್ಷದೊಳಗಿನ ಮಕ್ಕಳಿಗೆಂದು ಮಾಡುವ ಆಟಿಕೆಗಳಿಗೆ 2021ರ ಜನವರಿಯಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯವಾಗಿದೆ. ನಿಮ್ಮ ಆಟ ಯಾವ ವಯಸ್ಸಿನವರಿಗೆ ಎಂಬುದನ್ನು ಮೊದಲೇ ನಿರ್ಧರಿಸಿ, ಮಕ್ಕಳಿಗಾದರೆ ಅಚ್ಚಿಗೆ ಕೊಡುವ ಮುನ್ನ ತಿಳಿದವರನ್ನು ವಿಚಾರಿಸಿ.

ಪ್ರಶ್ನೆ: ನಮ್ಮದು ಸಪ್ತಭಾಷಾ ಸಂಗಮಭೂಮಿ. ಕನ್ನಡದಲ್ಲಿ ಮಾತ್ರ ಆಟ ಮಾಡಿದರೆ ನೆರೆಯ ಮನೆಯ ಮಲಯಾಳಿ ಮಕ್ಕಳು ಹೊರಗುಳಿಯುವುದಿಲ್ಲವೇ?
— ಓದುಗರೊಬ್ಬರು, ಮುಳ್ಳೇರಿಯ

ಹೊರಗುಳಿಯಬಾರದು. ಮಣೆಯಾಟ, ಎಲೆಯಾಟಗಳಲ್ಲಿ ಇದಕ್ಕೆ ಪರಿಹಾರ ಸುಲಭ. ಎಲೆಯ ಮೇಲೆ ಚಿತ್ರ, ಬಣ್ಣ ಮತ್ತು ಅಂಕೆ ಮಾತ್ರ ಇರಲಿ, ಮಾತು ನಿಯಮದ ಪುಸ್ತಿಕೆಯಲ್ಲಿರಲಿ, ಪುಸ್ತಿಕೆ ಎರಡಿರಲಿ: ಒಂದು ಕನ್ನಡ, ಒಂದು ಮಲಯಾಳ. ಮಲಯಾಳ ಪುಸ್ತಿಕೆಯನ್ನು ಕನ್ನಡದಿಂದ ಪದಶಃ ಮಾಡಿಸದೆ, ಮಲಯಾಳ ಶಾಲೆಯಲ್ಲಿ ಕಲಿತವರೊಬ್ಬರು ಆಟವನ್ನು ಆಡಿ ತಾವೇ ಹೊಸದಾಗಿ ಬರೆಯಬೇಕು. ನಾವು ಹಾಗೆ ಮಾಡಿಸಿದಾಗ ಅವರು ಕೇಳಿದ ಪ್ರಶ್ನೆಗಳಿಂದ ಕನ್ನಡ ಪುಸ್ತಿಕೆಯ ಎರಡು ಲೋಪಗಳೂ ತಿದ್ದಿಹೋದವು.

ಪಾತ್ರಾಭಿನಯದ ಆಟ ಪೂರ್ತಿ ಮಾತಿನದ್ದೇ ಆದುದರಿಂದ ಪುಸ್ತಕ ಒಂದು ಭಾಷೆಯಲ್ಲಿಯೇ ಬರಬೇಕಾಗುತ್ತದೆ. ಆದರೆ ಮೇಜಿನ ಸುತ್ತ ಆಡುವ ಮಾತು ಯಾವುದೂ ಆಗಬಹುದು. ಮನೆಯಲ್ಲಿ ತುಳು, ಕೊಂಕಣಿ, ಕರಾಡ ಮರಾಠಿ, ಮಲಯಾಳ ಮಾತನಾಡುವವರು ರಾತ್ರಿಯಿಡೀ ಕುಳಿತು ಕನ್ನಡದ ಪ್ರಸಂಗ ಕೇಳುವ ನೆಲ ಇದು. ಕನ್ನಡ ಪುಸ್ತಕ ನೋಡಿಕೊಂಡು ನಿರೂಪಕಿ ಕಥೆ ಹೇಳುತ್ತಿದ್ದಾಗ, ಒಬ್ಬ ಹುಡುಗ ತುಳುವಿನಲ್ಲಿ ಚೌಕಾಸಿ ಮಾಡಿ, ಇನ್ನೊಬ್ಬ ಮಲಯಾಳದಲ್ಲಿ ಸುಂಕದವನಾಗಿ ಗದರಿಸಿದ ಆಟವನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾರಿಗೂ ಅನುವಾದ ಬೇಕಾಗಲಿಲ್ಲ.

ಪ್ರಶ್ನೆ: ನಮ್ಮ ದೈವಗಳ ಮೇಲೆ ಒಂದು ಆಟ ಮಾಡಿದರೆ ಬಹಳ ಜನ ಕೊಳ್ಳುತ್ತಾರೆಂದು ಗೆಳೆಯರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ?
— ಯುವಕ, ಅಡೂರು

ನಾನು ಮಾಡುವುದಿಲ್ಲ, ಬೇರೆಯವರ ಅಂಥ ಆಟ ಬಂದರೆ ಪ್ರಕಟಿಸುವುದೂ ಇಲ್ಲ. ಯಕ್ಷಗಾನದ ರಾವಣ, ಶೂರ್ಪನಖಿಯರು ರಂಗದ ಪಾತ್ರಗಳು, ಅವರನ್ನು ಆಟಕ್ಕೆ ತರುವುದಕ್ಕೆ ನನಗೆ ಸಂಕೋಚವಿಲ್ಲ. ದೈವ ಹಾಗಲ್ಲ. ಒಂದು ಕುಟುಂಬದವರು ಇಂದಿಗೂ ಅದರ ಮುಂದೆ ಕೈಮುಗಿದು ನಿಂತು ನ್ಯಾಯ ಕೇಳುತ್ತಾರೆ, ಒಂದು ಸಮುದಾಯದವರು ವ್ರತ ಹಿಡಿದು ದೈವದ ವೇಷದ ಅಣಿ ಕಟ್ಟುತ್ತಾರೆ, ದೈವದ ಕಥೆ ಹೇಳುವ ಪಾಡ್ದನ ಅವರ ಬಾಯಲ್ಲಿದೆ. ಅದನ್ನು ಎಲೆಯ ಮೇಲೆ ಅಚ್ಚು ಮಾಡಿ, ಮೂಲೆಯಲ್ಲಿ ಬಲ 7, ಕೋಪ 9 ಎಂದು ಬರೆದು, ಮಕ್ಕಳು ಕಲಸಿ ಹಂಚುವುದು ಅವರ ಮನಸ್ಸಿಗೆ ಹೇಗಾದೀತು ಎಂದು ಯೋಚಿಸಿ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆ ನಿಮ್ಮ ಜಿಲ್ಲೆಯಲ್ಲೇ ಇದೆ. ಕೋಟೆಗೆ ಮೆಣಸು ತರುವ ಎತ್ತಿನ ಸಾಲು, ಹೊಳೆಯ ಕಡವು, ಸುಂಕದ ಕಟ್ಟೆ, ಸಮುದ್ರದಲ್ಲಿ ಕಾಣಿಸಿದ ಹಡಗು — ಇಷ್ಟರಲ್ಲೇ ಹತ್ತು ರಾತ್ರಿಯ ಕಥೆ ಇದೆ.

ಪ್ರಶ್ನೆ: ಎಲೆಯಾಟವೆಂದರೆ ಜೂಜು ಎಂದು ಮನೆಯ ಹಿರಿಯರು ಪೆಟ್ಟಿಗೆಯನ್ನು ಒಳಗೆ ತರಲು ಬಿಡಲಿಲ್ಲ. ಏನು ಹೇಳಲಿ?
— ಓದುಗರೊಬ್ಬರು, ಹೊಸಂಗಡಿ

ಅವರ ಭಯಕ್ಕೆ ಕಾರಣವಿದೆ, ಎಲೆಯಿಂದ ತೋಟ ಕಳೆದುಕೊಂಡ ಮನೆಗಳನ್ನು ಅವರು ನೋಡಿರುತ್ತಾರೆ. ಜೂಜು ಆಗುವುದು ಹಣವನ್ನೋ ಹಣದ ಬೆಲೆಯ ವಸ್ತುವನ್ನೋ ಪಣವಿಟ್ಟಾಗ. ನಮ್ಮ ಪೆಟ್ಟಿಗೆಗಳಲ್ಲಿ ಪಣವೆಂಬುದು ಇಲ್ಲ, ನಾಣ್ಯದ ಚಿತ್ರವನ್ನು ಸಹ ಬಳಸದೆ ಅಡಿಕೆ, ಭತ್ತ, ಮೆಣಸು ಎಂದು ಎಣಿಸುತ್ತೇವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಿಗೆ ದೇವತೆಗಳ ಚಿತ್ರ ಬರೆಸಿ ಹೊಸ ಹೊಸ ಆಟಗಳನ್ನು ರೂಪಿಸಿದ್ದರೆಂದು ಅವರಿಗೆ ತಿಳಿಸಿ. ವಾದ ಮಾಡುವ ಬದಲು ಅವರನ್ನೇ ಒಂದು ಆಟಕ್ಕೆ ಕೂರಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಾನು ಎಂಟನೆಯ ತರಗತಿ. ನಾನೊಂದು ಆಟ ಮಾಡಿದ್ದೇನೆ. ನಿಮಗೆ ಕಳುಹಿಸಬಹುದೇ? ಕಂಪ್ಯೂಟರಿನಲ್ಲಿ ಚಿತ್ರ ಬರೆಯಲು ನನಗೆ ಬರುವುದಿಲ್ಲ.
— ವಿದ್ಯಾರ್ಥಿನಿ, ಬೋವಿಕ್ಕಾನ

ಖಂಡಿತ ಕಳುಹಿಸು. ಚಿತ್ರ ಬೇಕಾಗಿಲ್ಲ. ಮನೆಯಲ್ಲಿ ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳಿರುತ್ತವೆ, ಆ ದಪ್ಪ ಕಾಗದವನ್ನು ಒಂದೇ ಅಳತೆಗೆ ಕತ್ತರಿಸಿ ಅದರ ಮೇಲೆ ಪೆನ್ನಿನಿಂದ ಬರೆ. ನಿಯಮವನ್ನು ನಿನ್ನ ಕೈಬರಹದಲ್ಲಿಯೇ ಬರೆದು, ಯಾರೊಡನೆ ಎಷ್ಟು ಸಲ ಆಡಿದೆ, ಯಾರು ಗೆದ್ದರು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಇನ್ನೊಂದು ಹಾಳೆಯಲ್ಲಿ ಬರೆದಿಡು. ನನಗೆ ಕಳುಹಿಸುವ ಮುನ್ನ ನಿನ್ನ ಆಟ ಗೊತ್ತಿಲ್ಲದ ಗೆಳತಿಯರಿಗೆ ಕೊಟ್ಟು ನೋಡು, ಮೇಲೆ ಶಿಕ್ಷಕರಿಗೆ ಹೇಳಿದಂತೆ ಸುಮ್ಮನೆ ಕುಳಿತು ನೋಡು. ಕತ್ತರಿಸುವಾಗ ನಾಲ್ಕೈದು ಎಲೆ ಹೆಚ್ಚೇ ಕತ್ತರಿಸಿ ಖಾಲಿ ಇಟ್ಟುಕೋ. ಅವರು ಆಡುವುದನ್ನು ನೋಡುತ್ತಿರುವಾಗ ಹೊಸ ಎಲೆ ಬೇಕೆನಿಸುತ್ತದೆ, ಆಗಲೇ ಬರೆದು ಕಟ್ಟಿಗೆ ಸೇರಿಸಬಹುದು.